ಗಾಡಿ ಹೊತ್ತಿಗೆ ಎಬ್ಬಿಸುವ ಗೌಹರ್ ಬೀ

ಯಶವಂತಪುರದಲ್ಲಿ ಇನ್ನೂ ಬೆಳಕು ಹರಿದಿಲ್ಲ. ರೈಲು ನಿಲ್ದಾಣದಿಂದ ಕೂಗಳತೆಯಲ್ಲಿರುವ ಹಳೆಯ ಮುಸಾಫಿರ್‌ಖಾನೆಯ ಹೆಂಗಸರ ಹಜಾರದಲ್ಲಿ ಗೌಹರ್ ಬೀ ಬರಿಗಾಲಲ್ಲಿ ಓಡಾಡುತ್ತಿದ್ದಾರೆ. ಕೆಂಪು ಬಟ್ಟೆಚೂರು ಕಟ್ಟಿದ ಟ್ರಂಕಿನ ಬಳಿ ಬಗ್ಗಿ, ಪಕ್ಕದಲ್ಲಿ ಮಲಗಿದ ಅಜ್ಜಿಯ ಭುಜ ತಟ್ಟುತ್ತಾರೆ. "ಏಳಿ ಅಮ್ಮಾ, ತುಮಕೂರು ಗಾಡಿ ಹೊತ್ತಾಯ್ತು."

ಮೂಲೆಯಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡ ಹೆಂಗಸೊಬ್ಬಳು ಈಗತಾನೆ ಬಂದು ಕೂತಿದ್ದಾಳೆ. ಅವಳಿಗೆ ಕನ್ನಡ ಬರದು, ಹಿಂದಿ ಬರದು. ಗೌಹರ್ ಬೀ ಅವಳ ಚೀಲದ ಹಿಡಿಗೆ ಹಸಿರು ಚೂರು ಕಟ್ಟಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಗುಟ್ಟು ಹೇಳುವವರ ದನಿಯಲ್ಲಿ ಹೇಳುತ್ತಾರೆ: "ಯು ಸ್ಲೀಪ್. ಐ ವಿಲ್ ವೇಕ್ ಯು ಅಪ್. ಡೋಂಟ್ ಟೇಕ್ ಇಟ್ ಆಫ್." ಆಕೆ ತಲೆಯಾಡಿಸುತ್ತಾಳೆ. ಅಷ್ಟು ಸಾಲದು. ಚೂರನ್ನು ಮುಟ್ಟಿ ತೋರಿಸಿ ಇನ್ನೊಮ್ಮೆ ಹೇಳುತ್ತಾರೆ. ಆಮೇಲೆ ಯಾರಾದರೂ ಕೇಳಿಸಿಕೊಂಡರೇನೋ ಎಂದು ಬಾಗಿಲ ಕಡೆ ನೋಡುತ್ತಾರೆ.

ಈ ಹಜಾರದ ಕಸ ಗುಡಿಸಿ, ನೀರು ತುಂಬಿಸಿ, ಸಾಮಾನು ಕಾಯುವುದು ಗೌಹರ್ ಬೀ ಕೆಲಸ. ಲಾರಿ ಓಡಿಸುತ್ತಿದ್ದ ಗಂಡ ತೀರಿಕೊಂಡ ಮೇಲೆ ಇಲ್ಲಿಗೆ ಬಂದವರು, ಕೂದಲು ನೆರೆತರೂ ಇಲ್ಲೇ ಇದ್ದಾರೆ. ಯಾರೂ ಹೇಳದೆ ತಾವಾಗಿಯೇ ಮೈಮೇಲೆ ಎಳೆದುಕೊಂಡ ಕೆಲಸವೆಂದರೆ ಎಬ್ಬಿಸುವುದು. ತಮ್ಮ ಖುದ್ದೂಸನ ಟೈಲರ್ ಅಂಗಡಿಯಿಂದ ಚೂರುಬಟ್ಟೆ ತರುತ್ತಾರೆ. ತುಮಕೂರಿಗೆ ಕೆಂಪು, ಹುಬ್ಬಳ್ಳಿ ಕಡೆಗೆ ಹಸಿರು, ದೊಡ್ಡಬಳ್ಳಾಪುರಕ್ಕೆ ಹಳದಿ. ಓದು ಬಾರದವರ ಲೆಕ್ಕಾಚಾರವಾದರೂ ಅಚ್ಚುಕಟ್ಟು. ಚೂರು ಇದ್ದರೆ ಎಬ್ಬಿಸಬೇಕು. ಬಿಚ್ಚಿಟ್ಟಿದ್ದರೆ ಪ್ರಯಾಣ ರದ್ದು, ನಿದ್ದೆ ಕೆಡಿಸಬಾರದು. ಬಂದು ಹೋಗುವ ಹೆಂಗಸರಿಗೆಲ್ಲ ಇದು ಗೊತ್ತು. ಗೊತ್ತಿಲ್ಲದವಳೊಬ್ಬಳು ಬಂದದ್ದು ಎಂಬತ್ಮೂರರ ಬೇಸಿಗೆಯಲ್ಲಿ.

ಗೋವಾ ಕಡೆಯ ಹುಡುಗಿ. ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಗೌಹರ್ ಬೀ ಎಲ್ಲ ತಿಳಿದವರಂತೆ "ಯೆಸ್ ಯೆಸ್" ಎಂದು ಹಸಿರು ಚೂರು ಕಟ್ಟಿದರು. ದರ್ಗಾದ ದಾರವೆಂದುಕೊಂಡಳೋ, ಕಾಸು ಕೇಳುವ ಉಪಾಯವೆಂದುಕೊಂಡಳೋ, ಹುಡುಗಿ ಅದನ್ನು ಬಿಚ್ಚಿ ಕಿಟಕಿಯ ಮೇಲಿಟ್ಟು ಮಲಗಿದಳು.

"ಬಿಚ್ಚಿದ್ದು ನಾನು ನೋಡ್ದೆ" ಎನ್ನುತ್ತಾರೆ ಗೌಹರ್ ಬೀ. ಈ ಮಾತಿಗೆ ಬಂದಾಗಲೆಲ್ಲ ಅವರ ತಲೆ ತಾನಾಗಿ ತಗ್ಗುತ್ತದೆ. "ನೋಡ್ಲಿಲ್ಲ ಅಂತ ಸುಳ್ಳು ಹೇಳ್ಬೋದಿತ್ತು. ಏನಕ್ಕೆ ಹೇಳ್ಲಿ? ಮನಸ್ಸು ಕೇಳು ಕೇಳು ಅಂತಿತ್ತು. ಹೆಂಗ್ ಕೇಳೋದು? ಹೊರಗೆ ಟೀ ಅಂಗಡಿ ಅಕ್ಬರ್ ಪಾಷಾಗೆ ಚೂರುಪಾರು ಇಂಗ್ಲಿಷ್ ಬರುತ್ತೆ. ಕರೆದ್ರೆ, ಏನ್ ಆಪಾ, ಯೆಸ್ ಯೆಸ್ ಅಂತಿದ್ರಿ, ಈಗೇನಾಯ್ತು ಅಂತ ನಗ್ತಾನೆ. ಆ ನಗುಗೆ ಹೆದರ್ಕೊಂಡೆ ಕಣ್ರೀ."

ಗಾಡಿ ಹೋಯಿತು. ಬಿಸಿಲು ಮುಖಕ್ಕೆ ಬಿದ್ದಾಗ ಹುಡುಗಿ ಎದ್ದಳು, ಗಡಿಯಾರ ನೋಡಿದಳು, ಚೀಲ ತಬ್ಬಿಕೊಂಡು ಮೆಟ್ಟಿಲ ಮೇಲೆ ಕುಸಿದಳು. ಅಳುವಿನ ಸದ್ದಿಗೆ ಅಕ್ಬರ್ ಪಾಷಾ ಕರೆಯದೆಯೇ ಬಂದರು. ಹುಡುಗಿಯ ತಾಯಿಗೆ ಮರುದಿನ ಬೆಳಿಗ್ಗೆ ಊರಿನಲ್ಲಿ ದೊಡ್ಡ ಆಪರೇಷನ್. ಒಳಗೆ ಕರೆದೊಯ್ಯುವ ಮೊದಲು ಮಗಳ ಮುಖ ನೋಡಬೇಕೆಂದು ಆಕೆ ಹೇಳಿ ಕಳಿಸಿದ್ದರಂತೆ. ಮುಂದಿನ ಗಾಡಿ ಹಿಡಿದರೆ ಆ ಹೊತ್ತಿಗೆ ಮುಟ್ಟುವಂತಿರಲಿಲ್ಲ. ಚೂರುಬಟ್ಟೆಯ ಲೆಕ್ಕವನ್ನು ಪಾಷಾ ತಿಳಿಸಿ ಹೇಳಿದಾಗ ಹುಡುಗಿ ಕಣ್ಣೊರೆಸಿಕೊಂಡು ಎದ್ದಳು. ಕಿಟಕಿಯ ಮೇಲಿನ ಚೂರನ್ನು ತಾನೇ ಚೀಲಕ್ಕೆ ಕಟ್ಟಿಕೊಂಡು, ಗೌಹರ್ ಬೀ ಕೈ ಹಿಡಿದು "ಸಾರಿ" ಎಂದಳು.

"ತಪ್ಪು ನಂದು, ಸಾರಿ ಕೇಳಿದ್ದು ಆ ಮಗು. ನೆಲ ಬಾಯಿ ಬಿಡಬಾರ್ದಾ ಅನ್ನಿಸ್ತು."

ತಾಯಿ ಉಳಿದರೋ ಇಲ್ಲವೋ, ಯಶವಂತಪುರಕ್ಕೆ ಸುದ್ದಿ ಬರಲಿಲ್ಲ. ಪಾಷಾ ಮಾತ್ರ ಅಂದಿನಿಂದ ತಾವು ಅಕ್ಕನೆಂದು ಕರೆಯುವ ಆಪಾರನ್ನು ಯಾವುದಕ್ಕೂ ರೇಗಿಸಿಲ್ಲ. ನಕ್ಕಿದ್ದರೇ ವಾಸಿಯಿತ್ತು ಎನ್ನುತ್ತಾರೆ ಗೌಹರ್ ಬೀ.

ಆ ವಾರವೇ ಗೌಹರ್ ಬೀ ಇಂಗ್ಲಿಷ್ ಕಲಿಸಿ ಎಂದು ಪಂಕಜಾ ಟೀಚರ್ ಮುಂದೆ ನಿಂತರು. ದೊಡ್ಡಬಳ್ಳಾಪುರದ ಶಾಲೆಗೆ ದಿನವೂ ರೈಲಿನಲ್ಲಿ ಹೋಗಿಬರುವ ಪಂಕಜಾ, ಗಾಡಿ ಬರುವವರೆಗೆ ಇದೇ ಹಜಾರದಲ್ಲಿ ಕೂರುತ್ತಾರೆ. ಮೊದಲು ಎ ಬಿ ಸಿ ಡಿಯಿಂದ ಶುರು ಮಾಡಿದರು. ಅದು ಕಬ್ಬಿಣದ ಕಡಲೆಯಾಯಿತು. ಕೊನೆಗೆ ಟೀಚರೇ ಸೋತು, "ಅಕ್ಷರ ಬಿಡಿ ಗೌಹರ್ ಬೀ. ದಿನಾ ಒಂದು ತೊಂದ್ರೆ ತನ್ನಿ, ಅದಕ್ಕೆ ಬೇಕಾದ ಮಾತು ನಾನು ಕೊಡ್ತೀನಿ" ಎಂದರು.

ತೊಂದರೆಗೆ ಇಲ್ಲಿ ಬರವೇ? ಗಾಡಿ ದಾರಿಯಲ್ಲಿ ಕೆಟ್ಟು ನಿಂತರೆ ಬ್ರೇಕ್ ಡೌನ್. ಗಾಡಿಯೇ ರದ್ದಾದರೆ ಕಾಲ್ ಆಫ್. ಕೂಸಿಗೆ ಹಾಲು ಮುಗಿದರೆ ರನ್ ಔಟ್. ಯಾವ ಪ್ಲಾಟ್‌ಫಾರಂ ಎಂದು ಕೇಳಿಕೊಂಡು ಬರಲು ಫೈಂಡ್ ಔಟ್. "ಪುಟ್ಟ ಮಾತು, ಅದಕ್ಕೊಂದು ಬಾಲ. ಬಾಲ ತಪ್ಪಿದ್ರೆ ಕತ್ತೆ ಹೋಗಿ ಕುದುರೆ ಆಗ್ಬಿಡುತ್ತೆ" ಎಂದು ಗೌಹರ್ ಬೀ ನಗುತ್ತಾರೆ. ಕಸಬರಿಗೆ ಕೆಳಗಿಡುತ್ತ ಪುಟ್ ಡೌನ್, ಎತ್ತುತ್ತ ಪಿಕ್ ಅಪ್ ಎನ್ನುತ್ತ ಬಾಯಿಪಾಠ ನಡೆಯುತ್ತದೆ. ಯಾರಾದರೂ ಒಳಗೆ ಬಂದರೆ ಕೆಮ್ಮಿ ಸುಮ್ಮನಾಗುತ್ತಾರೆ. ಮುದುಕಿಗೆ ಇಂಗ್ಲಿಷ್ ಶೋಕಿ ಎಂದಾರು ಎಂಬ ಸಂಕೋಚ ಇನ್ನೂ ಹೋಗಿಲ್ಲ.

ಒಂದು ಬೆಳಿಗ್ಗೆ ಅವರು ತಂದ ತೊಂದರೆ ಬೇರೆಯದು. ನಂಬಿ ಮಲಗಿದವರನ್ನು ನಡುನೀರಲ್ಲಿ ಕೈಬಿಟ್ಟರೆ ಏನನ್ನಬೇಕು ಎಂದು ಕೇಳಿದರು. ಪಂಕಜಾ "ಐ ಲೆಟ್ ಯು ಡೌನ್" ಎಂದರು. "ಅದು ಪ್ರಯಾಣದ ಮಾತಲ್ಲ, ಬಿಡಿ" ಎಂದೂ ಹೇಳಿದರು. ಗೌಹರ್ ಬೀ ಬಿಡಲಿಲ್ಲ. ಬಂದವರ ಚೀಲದ ಹಿಡಿಯಲ್ಲಿ ಮಾಸಿದ ಹಸಿರು ಚೂರು ಇದೆಯೇ ಎಂದು ಇಂದಿಗೂ ನೋಡುತ್ತಾರೆ. ಆ ಹುಡುಗಿ ಒಮ್ಮೆ ಈ ದಾರಿಯಲ್ಲಿ ಬರಬೇಕು, ಆ ಮಾತನ್ನು ಅವಳೆದುರು ಹೇಳಬೇಕು, ಆಸೆಯೆಂದರೆ ಅಷ್ಟೇ.

ಹುಬ್ಬಳ್ಳಿ ಗಾಡಿಯ ಹೊತ್ತಾಗಿದೆ. ಮೂಲೆಯ ತಾಯಿ ಮಗುವಿನೊಡನೆ ನಿದ್ದೆಹೋಗಿದ್ದಾಳೆ, ಹಸಿರು ಚೂರು ಇದ್ದಲ್ಲೇ ಇದೆ. ಗೌಹರ್ ಬೀ ಬಗ್ಗಿ ಭುಜ ತಟ್ಟುತ್ತಾರೆ. ಆಕೆ ಕಣ್ಣು ಬಿಡುತ್ತಾಳೆ, ಚೀಲ ಎತ್ತಿಕೊಂಡು ಹೊರಡುತ್ತಾಳೆ. ಕಲಿತ ಮಾತಿನ ಅಗತ್ಯವೇ ಬೀಳುವುದಿಲ್ಲ.

ಎಷ್ಟು ಕಲಿತುಬಿಟ್ಟಿರಿ ಎಂದು ಹೊಗಳಿದರೆ ಗೌಹರ್ ಬೀ ಮುಖ ತಿರುಗಿಸುತ್ತಾರೆ.

"ಏನ್ ಕಲ್ತೆ ಬಿಡಿ. ಅವತ್ತು ಹಿಂಗೆ ಭುಜ ತಟ್ಟಿದ್ರೆ ಆಗ್ತಿತ್ತು. ಅದಕ್ಕೆ ಯಾವ ಭಾಷೆ ಬೇಕಿತ್ತು?"