ನಾಡಿ ಎಣಿಸಿದ ಉಮಾಬಾಯಿ

ಶಂಕರೆಪ್ಪನವರಿಗೆ ಎದೆನೋವು ಬಂದದ್ದು ೧೯೭೪ರ ದೀಪಾವಳಿ ಮುಗಿದ ವಾರ. ಸೊಲ್ಲಾಪುರದ ಮಂಗಳವಾರ ಪೇಠೆಯ ತಮ್ಮ ಅಂಗಡಿಯಲ್ಲಿ ಗಿರಾಕಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದವರು ಹಾಗೆಯೇ ಗಾದಿಯ ಮೇಲೆ ವಾಲಿಬಿಟ್ಟರು. ಒಂದು ತಿಂಗಳು ದವಾಖಾನೆಯಲ್ಲಿದ್ದು ಮನೆಗೆ ಬಂದ ಮೇಲೆ ಹೆಂಡತಿ ಉಮಾಬಾಯಿ ಅವರನ್ನು ಮಂಚದಿಂದ ಇಳಿಯಗೊಡಲಿಲ್ಲ. ಚಪ್ಪಲಿಗಳನ್ನು ಅಟ್ಟಕ್ಕೆ ಹಾಕಿಸಿದರು. ಊಟ, ನೀರು ಎಲ್ಲ ಹಾಸಿಗೆಗೇ ಬರುತ್ತಿತ್ತು. ಸಂಕ್ರಾಂತಿಯ ಹೊತ್ತಿಗೆ ಶಂಕರೆಪ್ಪನವರು ಗೋಡೆ ಹಿಡಿದು ನಿಂತರೂ ತೊಡೆಗಳು ನಡುಗುತ್ತಿದ್ದವು.

ಆಗ ಮನೆಗೆ ಬಂದವರು ಸಿದ್ರಾಮ ಡಾಕ್ಟರು. ಇನ್ನೂ ಮೂವತ್ತು ದಾಟದ ವಯಸ್ಸು. ಎದೆಯ ಬೇನೆಯಿಂದ ಬದುಕಿ ಉಳಿದ ನಲವತ್ತು ಗಂಡಸರನ್ನು ಆರಿಸಿ, ದಿನಾ ನಡೆದರೆ ಮೈ ಹೇಗೆ ಸುಧಾರಿಸುತ್ತದೆ ಎಂದು ಅವರು ಸಂಶೋಧನೆ ನಡೆಸುತ್ತಿದ್ದರು. ಆ ಯಾದಿಯಲ್ಲಿ ಶಂಕರೆಪ್ಪನವರ ಹೆಸರೂ ಇತ್ತು.

“ನಡಸ್ತೀರಾ? ಇವರನ್ನ ಕೊಲ್ಲಾಕ ಬಂದೀರೇನ್ರಿ?” ಎಂದರು ಉಮಾಬಾಯಿ.

ಡಾಕ್ಟರು ಸಿಟ್ಟಾಗಲಿಲ್ಲ. “ಕಾಕೂ, ಮಲಗಿದ್ರ ಕಾಲು ಸೊರಗತಾವ ಅನ್ನೋದು ನೀವs ನೋಡಾಕತ್ತೀರಿ. ಎದಿನೂ ಕಾಲಿನಂಗ ಮಾಂಸದ್ದs. ಅದಕ್ಕೂ ಕೆಲಸ ಬೇಕು. ಮೊದಲ ದಿನ ಅಂಗಳದಾಗ ಐವತ್ತು ಹೆಜ್ಜಿ, ಅಷ್ಟs. ನೀವು ಜೋಡಿ ಇರ್ರಿ. ನಾಡಿ ಹಿಡಿಯೋದು ನಿಮಗ ಕಲಸ್ತೀನಿ. ನಿಮಿಷಕ್ಕ ನೂರಾ ಹತ್ತು ದಾಟಿದ್ರ ನೀವs ನಿಲ್ಲಸ್ರಿ.”

ನಿಲ್ಲಿಸುವ ಅಧಿಕಾರ ತನ್ನ ಕೈಯಲ್ಲಿದೆ ಎಂದ ಮೇಲೆ ಉಮಾಬಾಯಿ ಒಪ್ಪಿದರು.

ಗಂಡನ ಗಡಿಯಾರವನ್ನು ಎಡಗೈಗೆ ಕಟ್ಟಿಕೊಂಡು ಬಲಗೈಯ ಮೂರು ಬೆರಳಿನಿಂದ ನಾಡಿ ಎಣಿಸಿ, ಒಂದು ಲೆಕ್ಕದ ವಹಿಯಲ್ಲಿ ಕನ್ನಡ ಅಂಕಿಗಳಲ್ಲಿ ಬರೆಯತೊಡಗಿದರು. ಅಂಗಳದ ಐವತ್ತು ಹೆಜ್ಜೆ ಓಣಿಯ ತುದಿಗೆ ಹೋಯಿತು, ಯುಗಾದಿ ಕಳೆದ ಮೇಲೆ ಸಿದ್ಧೇಶ್ವರ ಕೆರೆಯ ದಂಡೆಗೆ. ಶಂಕರೆಪ್ಪನವರು ಮುಂದೆ, ಉಮಾಬಾಯಿ ಎರಡು ಹೆಜ್ಜೆ ಹಿಂದೆ. ಮದುವೆಯಾಗಿ ಬಂದಾಗಿನಿಂದ ಟಾಂಗಾ ಇಲ್ಲದೆ ಪೇಠೆ ದಾಟದ ಸೊಸೆ ಆಕೆ. ದಂಡೆ ಮುಟ್ಟುವಷ್ಟರಲ್ಲಿ ಗಂಡನಿಗಿಂತ ಹೆಚ್ಚು ಏದುಸಿರು ಬಿಡುತ್ತಿದ್ದರು.

ಒಂದು ಬೆಳಗ್ಗೆ ಕಟ್ಟೆಯ ಮೇಲೆ ಕುಳಿತು ಗಂಡನ ನಾಡಿ ನೋಡಿದರು: ತೊಂಬತ್ತಾರು. ಏನೋ ಅನ್ನಿಸಿ ತಮ್ಮ ಕೈಯನ್ನೇ ಹಿಡಿದು ನೋಡಿಕೊಂಡರು. ನೂರಾ ಹದಿನೆಂಟು! ಬೇನೆಯವರು ಯಾರು, ಕಾಯುವವರು ಯಾರು ಎಂದು ತಿಳಿಯದೆ ಮತ್ತೊಮ್ಮೆ ಎಣಿಸಿದರು; ಅಷ್ಟೇ ಬಂತು. ಗಂಡನಿಗೆ ಹೇಳಲಿಲ್ಲ. ಆ ದಿನದಿಂದ ವಹಿಯಲ್ಲಿ ಗಂಡನ ಅಂಕಿಯ ಪಕ್ಕದಲ್ಲಿ ಇನ್ನೊಂದು ಅಂಕಿ ಬಂತು.

ಆರು ತಿಂಗಳಿಗೆ ಡಾಕ್ಟರು ವಹಿ ತೆರೆದು ಹುಬ್ಬು ಗಂಟಿಕ್ಕಿದರು. “ಈ ಎರಡನೇದು ಯಾರದ್ರಿ ಕಾಕೂ?”

“ನಂದು.”

“ನಮ್ಮ ಯಾದಿಯೊಳಗ ಹೆಣ್ಣಮಕ್ಕಳು ಇಲ್ಲಲ್ರಿ.”

“ಯಾಕಿಲ್ಲ? ಅವರು ನಡದಷ್ಟು ನಾನೂ ನಡದೀನಿ. ನನ್ನೆದಿ ಏನು ಕಟಗೀದೇನ್ರಿ?”

ಒಳಗೆ ಕುಳಿತಿದ್ದ ಶಂಕರೆಪ್ಪನವರು ನಕ್ಕುಬಿಟ್ಟರು. ಡಾಕ್ಟರಿಗೆ ನಗು ಬರಲಿಲ್ಲ. ಅವರು ಬೆರಳಿಟ್ಟು ಅಂಕಿಗಳನ್ನು ಓದುತ್ತಾ ಹೋದರು. ಅದೇ ದಾರಿ, ಅಷ್ಟೇ ಹೊತ್ತು. ನೂರಾ ಹದಿನೆಂಟು ಇಳಿಯುತ್ತಾ ಇಳಿಯುತ್ತಾ ತೊಂಬತ್ತೆರಡಕ್ಕೆ ಬಂದಿತ್ತು. ಒಂದು ದಿನವೂ ತಪ್ಪಿರಲಿಲ್ಲ.

“ತಪ್ಪು ನಂದು,” ಎಂದರು ಮೆಲ್ಲಗೆ. “ಮನಿಮನಿಗಿ ಹೋಗಿ ಗಂಡಸರನ್ನಷ್ಟs ಕೇಳಿದೆ.”

ಮರುವರ್ಷ ಅವರು ಹೆಂಗಸರ ಬೇರೆ ಯಾದಿ ಮಾಡಿದರು. ಹೆಸರು ಕೂಡಿಸಿದವರು ಉಮಾಬಾಯಿಯೇ. ನೆರೆಮನೆಯ ಕಸ್ತೂರಬಾಯಿ, “ಮಂದಿ ಏನಂದಾರವ್ವಾ?” ಎಂದು ಬಾಗಿಲಲ್ಲೇ ನಿಂತಾಗ, ಉಮಾಬಾಯಿ ಆಕೆಯ ಮುಂಗೈ ಹಿಡಿದು ನಾಡಿ ಎಣಿಸಿ, ಆ ಅಂಕಿಯನ್ನು ವಹಿಯಲ್ಲಿ ತಮ್ಮ ಇಳಿದ ಅಂಕಿಯ ಪಕ್ಕ ಬರೆದು ತೋರಿಸಿದರು. ಹೀಗೆ ಹನ್ನೊಂದು ಮಂದಿಯಾದರು. ಇಷ್ಟು ಜನರಿಂದ ಏನೂ ಸಾಬೀತಾಗುವುದಿಲ್ಲ, ನೂರಾರು ಮಂದಿ ಬೇಕು, ವರ್ಷಗಟ್ಟಲೆ ನೋಡಬೇಕು ಎಂದು ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು. ಉಮಾಬಾಯಿಗೆ ಅದರಿಂದ ಬೇಸರವಾಗಲಿಲ್ಲ.

ಶಂಕರೆಪ್ಪನವರು ಅಂಗಡಿಗೆ ಮರಳಿದರು, ಮಧ್ಯಾಹ್ನದವರೆಗೆ ಮಾತ್ರ. ಮಳೆಗಾಲದಲ್ಲಿ ನಡೆಯದಿರಲು ನೆಪ ಹೇಳುವುದು ಅವರ ರೂಢಿಯಾಯಿತು. ಉಮಾಬಾಯಿ ಅವರನ್ನು ಎಬ್ಬಿಸಲು ನೋಡಿ, ಏಳದಿದ್ದರೆ ಕೊಡೆ ಹಿಡಿದು ತಾವೇ ಹೊರಡುತ್ತಿದ್ದರು. ಕೆರೆಯ ದಂಡೆಯಲ್ಲಿ ಈಗ ಉಮಾಬಾಯಿಗಿಂತ ಎರಡು ಹೆಜ್ಜೆ ಮುಂದೆ ಯಾರೂ ಇರುತ್ತಿರಲಿಲ್ಲ.