ಓಣಿಯವರ ಕೈಗೆ ಕೊಟ್ಟ ಇಪ್ಪತ್ತೈದು ಸಾಮಾನು

ಆಗ ನಮ್ಮ ಅಲಖನೂರಿನಲ್ಲಿ ಮೊಬೈಲ್ ಓಣಿಗೊಂದೋ ಎರಡೋ ಇದ್ದವು. ಬೇಕಾದವರ ನಂಬರು, ಯಾರ ಮಗಳ ಲಗ್ನ ಯಾವತ್ತು, ಯಾರ ಎಮ್ಮೆ ಯಾವಾಗ ಈಯುತ್ತದೆ ಎಂಬುದೆಲ್ಲ ತಲೆಯಲ್ಲೇ ಇರುತ್ತಿತ್ತು. ಐದನೇ ತರಗತಿಯ ನನ್ನ ತಲೆಯಲ್ಲಿ ಮಾತ್ರ ಏನೂ ನಿಲ್ಲುತ್ತಿರಲಿಲ್ಲ. ಉಪ್ಪು ತಾ ಎಂದು ಕಳಿಸಿದರೆ ಸಕ್ಕರೆ ತರುತ್ತಿದ್ದೆ. ಮನೆಯಲ್ಲಿ ನನ್ನ ಹೆಸರೇ ಮರೆಗುಳಿ.

ಆ ವರ್ಷ ಕಬ್ಬು ಕಡಿಯುವ ಹೊತ್ತಿಗೆ ರಾಯಬಾಗದಲ್ಲಿ ಶಾಲಾ ಮಕ್ಕಳಿಗೆ ನೆನಪಿನ ಸ್ಪರ್ಧೆ ಬಂತು. ಮೇಜಿನ ಮೇಲೆ ಇಪ್ಪತ್ತೈದು ಸಾಮಾನು ಹರಡಿ, ಎರಡು ನಿಮಿಷ ತೋರಿಸಿ, ಮೇಲೆ ಬಟ್ಟೆ ಮುಚ್ಚುತ್ತಾರೆ. ನೆನಪಿದ್ದಷ್ಟು ಬರೆಯಬೇಕು. ಹೋಗಬೇಕಿದ್ದ ಹುಡುಗಿ ಜ್ವರ ಬಂದು ಮಲಗಿದ್ದರಿಂದ ನಮ್ಮ ತರಗತಿಯ ಅಕ್ಕೋರು ನನ್ನ ಹೆಸರು ಕೊಟ್ಟರು. ನನ್ನ ಅಕ್ಷರ ದುಂಡಗಿದ್ದವು, ಅಷ್ಟೇ ಕಾರಣ. ತರಗತಿಯಲ್ಲಿ ಅಭ್ಯಾಸ ಮಾಡಿಸಿದಾಗ ಒಂಬತ್ತಕ್ಕೆ ನಿಂತೆ. ಎಲ್ಲರೂ ನಕ್ಕರು.

ಅಳುತ್ತ ಆಯಿಯ ಹತ್ತಿರ ಹೋದೆ. ಆಯಿ ಅಂದರೆ ಅಪ್ಪನ ಅವ್ವ, ಶಾಲೆಯ ಮುಖ ಕಂಡವಳಲ್ಲ. ಕಡಿದ ಕಬ್ಬಿನ ಹೊಲದಲ್ಲಿ ಆಡು ಮೇಯಿಸುತ್ತಿದ್ದಳು. ನಲವತ್ತು ಆಡುಗಳಲ್ಲಿ ಒಂದು ಕಾಣದಿದ್ದರೂ, ಎಣಿಸದೆಯೇ, ಇಂಥದ್ದೇ ಇಲ್ಲ ಎನ್ನುತ್ತಿದ್ದಳು.

"ನಿನಗ ಇಷ್ಟೂ ಹ್ಯಾಂಗ ನೆನಪಿರತಾವ ಆಯಿ?"

"ಆ ಕರೀದು ನಿಮ್ಮತ್ತಿ ಹಂಗ, ಊಟಕ್ಕ ಎಲ್ಲಾರಕಿಂತ ಮುಂದ. ಈ ಬಿಳೀದು ನಿಮ್ಮಪ್ಪನ ಹಂಗ, ಎಷ್ಟ ಕರದ್ರೂ ಕಿವುಡಾಗಿ ನಿಂದರತೈತಿ. ಮನಿ ಮಂದಿ ಯಾರರೆ ಮರೀತಾರೇನ ಬೇ?"

ನನ್ನ ಕಣ್ಣೊರೆಸಿ ರೊಟ್ಟಿ ಮುರಿದು ಕೊಟ್ಟಳು. ಕಡಿದ ಕಬ್ಬಿನ ಸಿಹಿ ವಾಸನೆ, ಕೈಯಲ್ಲಿ ಬೆಳ್ಳುಳ್ಳಿ ಹಾಕಿ ಕುಟ್ಟಿದ ಶೇಂಗಾ ಚಟ್ನಿಯ ಖಾರ.

"ಬರೇ ಹೆಸರ ಬಾಯಾಗ ತಿರುವಿದ್ರ ಉದರಿ ಹೋಗತಾವು. ನಮ್ಮ ಓಣಿ ಹಿಡದ ಹೋಗು. ಒಂದೊಂದು ಒಬ್ಬೊಬ್ಬರ ಕೈಯಾಗ ಕೊಡು. ನಗು ಬರೂ ಹಂಗ ಕೊಡು. ಕೇಳಿದಾಗ ತಾವ ತಿರುಗಿ ಕೊಡತಾರ."

ಎಂಟು ದಿನ ಅದೇ ಆಟ. ಆಯಿ ಕಂಬಳಿಯ ಮೇಲೆ ಕುಡುಗೋಲು, ಎಲೆ ಅಡಿಕೆ, ಆಡಿನ ಗಂಟೆ ಎಂದು ಏನೇನೋ ಹರಡುವಳು. ನಾನು ಕಣ್ಣು ಮುಚ್ಚಿ ಓಣಿ ಸುತ್ತುವೆ.

ರಾಯಬಾಗದಲ್ಲಿ ಬಟ್ಟೆ ಸರಿದಾಗ ನಾನು ನಮ್ಮ ಓಣಿಯಲ್ಲಿದ್ದೆ. ಬಾಚಣಿಗೆಯನ್ನು ಬೋಳುತಲೆಯ ಅಂಗಡಿ ಕಾಕಾನಿಗೆ ಕೊಟ್ಟೆ. ಬಾಯಿ ಮುಚ್ಚದ ಸುಶೀಲಕ್ಕನ ತುಟಿಗೆ ಬೀಗ ಹಾಕಿದೆ. ಪೋಸ್ಟಿನವನ ಮೀಸೆಯ ಜಾಗದಲ್ಲಿ ಬ್ರಶ್ ಅಂಟಿಸಿದೆ. ನಗು ತಡೆಯಲಾಗಲಿಲ್ಲ.

"ಏ ಹುಡುಗಿ, ಇಲ್ಲಿ ನಗೂವಂಥಾದ್ದ ಏನೈತಿ?" ಸರ್ ಗದರಿದರು.

"ಏನಿಲ್ರಿ ಸರ್."

ಬಟ್ಟೆ ಮುಚ್ಚಿದ ಮೇಲೆ ಇಪ್ಪತ್ನಾಲ್ಕು ಬರೆದೆ. ಕೊನೆಯದನ್ನು ನಮ್ಮ ಹೊಸ್ತಿಲಲ್ಲಿ ಕೂತ ಆಯಿಗೆ ಕೊಟ್ಟಿದ್ದೆ. ಆಯಿ ಕಾಣುತ್ತಿದ್ದಳು, ಮುಷ್ಟಿ ಮಾತ್ರ ತೆರೆಯಲೊಲ್ಲಳು. ಅಷ್ಟರಲ್ಲಿ ಹೊರಗಿನ ಕಟ್ಟೆಯ ಮೇಲೆ ಯಾರೋ ಬುತ್ತಿ ಬಿಚ್ಚಿದರು. ಚಟ್ನಿಯ ಘಾಟು ಕಿಟಕಿಯಿಂದ ಒಳಗೆ ಬಂತು. ಮುಷ್ಟಿ ಬಿಚ್ಚಿಕೊಂಡಿತು: ಬೆಳ್ಳುಳ್ಳಿ! ಕೊನೆಯ ಅಕ್ಷರ ಬರೆಯುವಷ್ಟರಲ್ಲಿ ಗಂಟೆ ಬಾರಿಸಿದರು.

ಮೊದಲ ಬಹುಮಾನವಾಗಿ ಸ್ಟೀಲಿನ ಡಬ್ಬಿ ಸಿಕ್ಕಿತು. ಆಯಿ ಡಬ್ಬಿಯ ಕಡೆ ನೋಡಲೂ ಇಲ್ಲ. "ಮದಲ ಹೇಳು, ಯಾರಿಗಿ ಏನ ಕೊಟ್ಟಿ?" ಒಂದೊಂದೇ ಹೇಳಿದೆ. ಆಕೆ ಕಣ್ಣಲ್ಲಿ ನೀರು ಬರುವಂತೆ ನಕ್ಕಳು, ಮರುದಿನ ಓಣಿಗೆಲ್ಲ ಸಾರಿಬಿಟ್ಟಳು.

ಸುಶೀಲಕ್ಕ ನನ್ನನ್ನು ಅಡ್ಡಗಟ್ಟಿದಳು. "ನನ್ನ ಬಾಯಿಗಿ ಬೀಗಾ ಹಾಕಿದಿಯಂತಲ್ಲ ಬೇ?" ಹೆದರಿ ನಿಂತೆ. ಕೈತುಂಬ ಚಕ್ಕುಲಿ ತುಂಬಿ ಬೆನ್ನಿಗೊಂದು ಗುದ್ದು ಕೊಟ್ಟಳು. ಆಮೇಲೆ ಯಾರೂ ನನ್ನನ್ನು ಮರೆಗುಳಿ ಎನ್ನಲಿಲ್ಲ.

ಈಗ ಆಯಿ ಇಲ್ಲ. ಆಡುಗಳಿಲ್ಲ, ಓಣಿಯ ಅರ್ಧ ಮನೆಗಳ ಗುರುತು ಸಿಗುವುದಿಲ್ಲ. ಇಪ್ಪತ್ತೈದು ಸಾಮಾನನ್ನು ಇಂದಿಗೂ ತಡವರಿಸದೆ ಹೇಳಬಲ್ಲೆ. ಆಯಿ ಆಡಿದ ಮಾತುಗಳೂ ಇವೆ. ಆಕೆಯ ದನಿ ಮಾತ್ರ ಇಲ್ಲ. ಹೇಗಿತ್ತದು, ದಪ್ಪವೋ ತೆಳುವೋ, ಎಷ್ಟು ಹುಡುಕಿದರೂ ಕೇಳಿಸುವುದಿಲ್ಲ. ಯಾರೂ ರೆಕಾರ್ಡ್ ಮಾಡಿಟ್ಟಿಲ್ಲ. ಕಳೆದ ದೀಪಾವಳಿಯಲ್ಲಿ ಆಯಿಯ ಮಗಳಾದ ಅತ್ತೆಯನ್ನು ಆ ದನಿ ಹೇಗಿತ್ತೆಂದು ಕೇಳಿದೆ. ಆಯಿ ಕರೆಯುತ್ತಿದ್ದ ಹಾಗೆ ಒಮ್ಮೆ ನನ್ನನ್ನು ಕರೆಯಲು ಆಕೆ ಬಾಯಿ ತೆರೆದಳು, ಆ ದನಿ ಬರಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದಳು, ಆಗಲೂ ಇಲ್ಲ. ಇಬ್ಬರೂ ನಕ್ಕೆವು, ಆಮೇಲೆ ಅತ್ತೆ ರೊಟ್ಟಿ ಮುರಿದು ನನ್ನ ಕೈಗಿಟ್ಟಳು.