ಹಂದಿಯ ಕೋರೆಹಲ್ಲೂ ಠಾಣೆಯಲ್ಲಿರಲಿ

ಅರಬ್ ದೇಶದ ಅಲ್ ಐನ್‌ನ ಆಸ್ಪತ್ರೆಯಲ್ಲಿ ನನ್ನ ಪಕ್ಕ ಕೂತ ಅಮೆರಿಕದ ಹೆಂಗಸು ಅಳುತ್ತಿದ್ದಳು. ಮೊಮ್ಮಗಳು ವಿಚಾರಿಸಿ ನನಗೆ ಹೇಳಿದಳು: "ಅವರ ಊರಲ್ಲಿ ಗಲಾಟೆ ಆಯ್ತಂತೆ ಅಜ್ಜಿ. ಮೇಯರು ತುರ್ತು ಆಜ್ಞೆ ಹಾಕಿ, ಯಾರೂ ಸಭೆ ಸೇರಬಾರದು, ಕೋವಿ ಹಿಡಿಯಬಾರದು ಅಂದ್ರಂತೆ. ಅದು ತಪ್ಪು ಅಂತ ಬೀದಿಯಲ್ಲಿ ನಿಂತು ಮಾತಾಡಿದ ಇವರ ತಮ್ಮನನ್ನು ಪೊಲೀಸರು ಹಿಡಿದಿದ್ದಾರಂತೆ."

"ಅಯ್ಯೋ ಮಗಾ! ಓಟು ಬಂದಾಗಲೆಲ್ಲ ನಮ್ಮ ಕೋವಿಯನ್ನೂ ಠಾಣೆಯಲ್ಲಿ ಇಡಿಸ್ತಾರಲ್ಲ. ಒಂದ್ಸಲ ಹಂದಿ ಗದ್ದೆಯೆಲ್ಲ ತಿಂದಾಗ ನಾನೇ ಠಾಣೆಗೆ ಹೋಗಿ, 'ಹಂದಿಯ ಕೋರೆಹಲ್ಲನ್ನೂ ಇಲ್ಲೇ ಇಡಿಸಿ ಸಾಹೇಬ್ರೇ' ಅಂದಿದ್ದೆ. ಹೇಳು ಅವಳಿಗೆ."

ಕೇಳಿ ಅವಳು ಅಳುತ್ತಲೇ ನಕ್ಕು, ನನ್ನ ಕೈ ಹಿಡಿದಳು. ನಿಮ್ಮನ್ನು ಹಿಡಿಯಲಿಲ್ಲವೇ ಅಂತ ಮೊಮ್ಮಗಳ ಕೈಲಿ ಕೇಳಿಸಿದಳು.

"ಇಲ್ಲಪ್ಪ, ಚಾ ಕೊಟ್ಟರು. ಕೋವಿ ಕೊಡಲಿಲ್ಲ."

"ಅಜ್ಜಿ, ಮೆಲ್ಲಗೆ! ಇದು ನಮ್ಮೂರಲ್ಲ, ಇಲ್ಲಿ ಇಂಥ ಮಾತಿಗೂ ಹಿಡೀತಾರೆ," ಎಂದಳು ಮೊಮ್ಮಗಳು.

ನಾನೂ ಅವಳೂ ಬಾಯಿ ಮುಚ್ಚಿಕೊಂಡೆವು. ಹಿಡಿದ ಕೈ ಮಾತ್ರ ಬಿಡಲಿಲ್ಲ. ಅದಕ್ಕಿನ್ನೂ ಯಾರೂ ಆಜ್ಞೆ ಹಾಕಿಲ್ಲವಲ್ಲ.